ಬೋರಲು ಬಿದ್ದ ಬ್ರೆಡ್ಡು

ಮೊಂಬ್ರೆಲ್‌ನಲ್ಲಿ ಮಧ್ಯಾಹ್ನದಿಂದಲೇ ಮಳೆ ಹಿಡಿದಿತ್ತು. ಸಂಜೆ ಅಕ್ರೋಟು ಒಡೆಯಲು ಕೂಡಿದ್ದ ನಾವು ಐದಾರು ಜನ ಒಲೆಯ ಸುತ್ತ ಮುದುರಿ ಕೂತಿದ್ದೆವು. ಊರಿಗೆ ಹೊಸಬನಾದ ನಾನು, ಚೌಕದ ಹಳೇ ಬೇಕರಿಗೆ ಯಾಕೆ ಬೀಗ ಎಂದು ಕೇಳಿಬಿಟ್ಟೆ. ಎಲ್ಲರೂ ಸಿಡೋನಿ ಅಜ್ಜಿಯ ಮುಖ ನೋಡಿದರು.

"ಕೇಳಿದ್ದೀಯಲ್ಲ, ಇನ್ನು ಅರ್ಧಕ್ಕೆ ಎದ್ದು ಹೋಗೋ ಹಾಗಿಲ್ಲ... ಆ ಬೇಕರಿ ಗಾಸ್ಪಾರ್‌ದು. ಒಂದು ಬೆಳಿಗ್ಗೆ ನೋಡಿದ್ರೆ ಹಿಟ್ಟು ನಾದೋ ತೊಟ್ಟಿಯಲ್ಲೇ ತಲೆ ಒಡೆದು ಬಿದ್ದಿದ್ದಾನೆ. ಯಾರು ಹೊಡೆದ್ರು? ಯಾಕೆ? ಠಾಣೆ ಮುಖ್ಯಸ್ಥ ಆನ್ಸೆಲ್ಮ್, ನನ್ನ ದೊಡ್ಡಪ್ಪ, ಮನೆಮನೆ ಸುತ್ತಿದ್ರು. ಕುಡಿಯೋಕೆ ವೈನ್ ಕೊಟ್ಟರೇ ಹೊರತು ಬಾಯಿ ಬಿಡಲಿಲ್ಲ ಈ ಜನ.

"ಆಮೇಲೆ ಶುರುವಾಯ್ತು. ಗಾಸ್ಪಾರನ ಹೆಂಡ್ತಿ ಬ್ರೆಡ್ಡನ್ನೆಲ್ಲ ನೆಟ್ಟಗೆ ಜೋಡಿಸಿ ಈ ಕಡೆ ತಿರುಗೋಷ್ಟರಲ್ಲಿ ಒಂದು ಬೋರಲು ಬಿದ್ದಿರೋದು... ದಿನಾ. ಬೋರಲು ಬ್ರೆಡ್ಡು ಮರಣದಂಡನೆ ಆದೋರ ತಲೆ ಕಡಿಯೋನಿಗೆ ಅಂತ ತೆಗೆದಿಡೋದು, ನಮ್ಮಲ್ಲಿ ಎಳೇ ಮಗೂನೂ ಮುಟ್ಟಲ್ಲ. ಸತ್ತ ಗಾಸ್ಪಾರ್ ತನ್ನನ್ನ ಕೊಂದೋನ ತಲೆ ಕೇಳ್ತಿದಾನೆ ಅಂತ ಊರೆಲ್ಲ ನಡುಗ್ತು.

"ಆಗ ಬೇಕರಿಗೆ ಬಂದ ಟುಲ್ಲಿಯೊ. ಕಾಡಲ್ಲಿ ಇದ್ದಿಲು ಸುಡೋಕೆ ಇಟಲಿಯಿಂದ ಬಂದ ಬಡಪಾಯಿ, ಹಸಿದಿದ್ದ... ಬೋರಲು ಇದ್ದದ್ದನ್ನೇ ಎತ್ತಿ ಕಚ್ಚಿದ. 'ಇವನೇ' ಅಂದ್ರು ಸಾಲಲ್ಲಿ ನಿಂತಿದ್ದೋರೆಲ್ಲ.

"'ಅಯ್ಯೋ ದಡ್ಡರಾ, ನಮ್ಮ ಪದ್ಧತಿ ಗೊತ್ತಿಲ್ಲದೆ ಮುಟ್ಟಿದಾನೆ. ಕೊಂದೋನು ಈ ಊರೋನು, ಅವನು ಇದನ್ನ ಮುಟ್ತಾನಾ?' ಅಂದ್ರು ದೊಡ್ಡಪ್ಪ.

"'ಇವನೇನು ನಿಮ್ಮ ಅಳಿಯನಾ ಸಾಹೇಬ್ರೆ?' ಅಂದ ಮಾಂಸದಂಗಡಿಯವನು. ಎಲ್ಲಾ ನಕ್ಕರು.

"ಅದೇ ಜನ ಕೋರ್ಟಿಗೆ ಹೋಗಿ, ಕೊಲೆಯಾದ ಬೆಳಿಗ್ಗೆ ಟುಲ್ಲಿಯೊ ಬೇಕರಿಯಿಂದ ಓಡಿದ್ದನ್ನ ಕಣ್ಣಾರೆ ಕಂಡ್ವಿ ಅಂದ್ರು. ತಲೆ ತೆಗೀಬೇಕು ಅಂತ ತೀರ್ಪಾಯ್ತು. ದೊಡ್ಡಪ್ಪ ಹುಚ್ಚು ಹಿಡಿದೋರ ಹಾಗೆ ಅಲೆದ್ರು, ಒಂದೊಂದು ಬಾಗಿಲಲ್ಲೂ ಮೊಣಕಾಲೂರಿ ಬೇಡಿದ್ರು... 'ಸುಳ್ಳು ಹೇಳಿದ್ವಿ ಅಂತ ಒಬ್ಬರಾದ್ರೂ ಅನ್ನಿ, ಅವನ ಜೀವ ಉಳಿಯುತ್ತೆ.' ಪೊಲೀಸು ಮೊಣಕಾಲೂರಿದ್ದನ್ನ ನೋಡಿದೀರಾ ನೀವು? ನಾನು ನೋಡಿದೀನಿ. ನಮ್ಮಮ್ಮನೂ ಬಾಗಿಲು ಹಾಕಿಕೊಂಡ್ಲು.

"ಪ್ಯಾರಿಸ್ಸಿಂದ ತಲೆ ತೆಗೆಯೋ ಯಂತ್ರ ಬಂತು. ತಲೆ ಕಡಿಯೋನು ತನ್ನ ಪಾಲಿನ ಬ್ರೆಡ್ಡು ತಿಂದು, ಕೆಲಸ ಮುಗಿಸಿ ಹೋದ. ಗಾಸ್ಪಾರನಿಗೆ ಶಾಂತಿ ಸಿಕ್ತು ಅಂತ ಮಾರನೇ ಬೆಳಿಗ್ಗೆ ಜನ ಹಗುರಾಗಿ ಬೇಕರಿಗೆ ಬಂದ್ರೆ... ಹಲಗೆ ಮೇಲಿದ್ದ ಬ್ರೆಡ್ಡು ಪೂರ್ತಿ ಬೋರಲು. ಒಂದೇ ಒಂದು ನೆಟ್ಟಗಿಲ್ಲ. ದೊಡ್ಡಪ್ಪ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತರು.

"ಬೇಕರಿ ಮುಚ್ಚಿ ಪಕ್ಕದೂರಿಂದ ವ್ಯಾನಿನಲ್ಲಿ ತರಿಸಿದ್ವಿ. ಏನು ಬಂತು? ನಮ್ಮೂರ ಗಡಿ ದಾಟಿದ ಕೂಡಲೇ ಎಲ್ಲಾ ಮಗುಚಿಕೊಳ್ಳುತ್ತೆ. ಹಾಗಂತ ಉಪವಾಸ ಸಾಯೋಕಾಗುತ್ತಾ?"

ಅಜ್ಜಿ ಮಡಿಲಲ್ಲಿದ್ದ ಅಕ್ರೋಟಿನ ಸಿಪ್ಪೆಯನ್ನು ಒಲೆಗೆ ಕೊಡವಿ ನನ್ನ ಕಡೆ ತಿರುಗಿದಳು.

"ನಾವು ತಲೆ ಕಡಿಯೋನ ಬ್ರೆಡ್ಡೇ ತಿಂದು ಮುದುಕರಾದೋರು. ಬಂದಾಗಿಂದ ನೀನು ತಿಂತಿರೋದೂ ಅದೇ ಕಣಪ್ಪ... ಬಡಿಸೋ ಮುಂಚೆ ನಾವು ನೆಟ್ಟಗೆ ಮಾಡ್ತಿದ್ವಿ, ಅಷ್ಟೇ."