ದೂರಗಾಮಿಯ ಉದ್ದ ಮತ್ತು ಅಮ್ಮನ ಟೇಪು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ದೂರಗಾಮಿ ಅಭಿಮಾನಿ ಸಂಘದ ಹಿರಿಯ ಕಿರಿಯ ಸದಸ್ಯರೇ, ಹಿಂಬಾಗಿಲ ಬಳಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಅತ್ತಿಂದಿತ್ತ ಓಡಾಡುತ್ತಿರುವ ನಮ್ಮ ಯಜಮಾನರೇ, ಮತ್ತು ಇಷ್ಟು ಸೆಕೆಯಲ್ಲೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ಈ ಸನ್ಮಾನಕ್ಕೆ ನಾನು ಆಭಾರಿ. ಆದರೆ ಅಧ್ಯಕ್ಷರೇ, ಆ ಮೇಜಿನ ಮೇಲಿನ ಬಟ್ಟೆಯನ್ನು ದಯವಿಟ್ಟು ಈಗಲೇ ತೆಗೆಯಬೇಡಿ. ನೌಕೆಯ ಮಾದರಿಯ ಜೊತೆ ಅದರ ಕೆಳಗೊಂದು ಹಿತ್ತಾಳೆಯ ಫಲಕ ಇದೆ, ಅದರ ಮೇಲೆ ಏನು ಕೆತ್ತಿದೆ ಎಂದು ಎಲ್ಲರಿಗೂ ಗೊತ್ತು. "ನಕ್ಷತ್ರನೌಕೆ ದೂರಗಾಮಿ, ಉದ್ದ ನೂರ ನಾಲ್ಕು ಮೀಟರ್." ಕೆಳಗೆ ನನ್ನ ಹೆಸರು. ನಾನು ಮಾತು ಮುಗಿಸಿದ ಮೇಲೆ ಅದನ್ನು ತೆರೆಯಬೇಕೋ ಬೇಡವೋ ನೀವೇ ಹೇಳಿ.

ಇಲ್ಲಿಗೆ ಮೊದಲ ಸಲ ಬಂದಿರುವ ಅತಿಥಿಗಳಿಗಾಗಿ ಎರಡು ಮಾತು. ನಾವೆಲ್ಲ ಶಾಲೆಯಲ್ಲಿದ್ದಾಗ ಟೀವಿಯಲ್ಲಿ 'ದೂರಗಾಮಿ' ಎಂಬ ಧಾರಾವಾಹಿ ಬರುತ್ತಿತ್ತು. ಮೂವತ್ತೊಂಬತ್ತು ಕಂತು ಬಂದು ನಿಂತುಹೋಯಿತು. ಅದರಲ್ಲಿ ನಾನೂರು ಜನ ಒಂದು ನೌಕೆಯಲ್ಲಿ ಕುಳಿತು ಎಲ್ಲಿಗೋ ಹೊರಟಿರುತ್ತಾರೆ. ಎಲ್ಲಿಗೆ ಎಂದು ಕೊನೆಗೂ ಹೇಳಲಿಲ್ಲ. ಅದು ನಮಗೆ ಬೇಕಾಗಿಯೂ ಇರಲಿಲ್ಲ. ಆ ನೌಕೆ ಎಷ್ಟು ಉದ್ದ ಇತ್ತು ಎಂದು ಮಾತ್ರ ಬೇಕಾಗಿತ್ತು. ಹನ್ನೊಂದು ವರ್ಷ ಈ ಸಂಘ ಅದೊಂದೇ ವಿಷಯಕ್ಕೆ ಜಗಳವಾಡಿದೆ. ಇಲ್ಲದ ನೌಕೆಯ ಉದ್ದಕ್ಕೆ ಇಷ್ಟು ಜಗಳವೇ ಎಂದು ನೀವು ಕೇಳಬಹುದು. ಇರುವ ನೌಕೆಯಾಗಿದ್ದರೆ ಒಬ್ಬರು ಹೋಗಿ ಅಳೆದು ಬರುತ್ತಿದ್ದರು, ಮುಗಿಯುತ್ತಿತ್ತು. ಇಲ್ಲದ್ದಕ್ಕೇ ಅಲ್ಲವೇ ಜಗಳ ಬೇಕಾಗುವುದು?

ನಾನು ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದವಳು. ಮಾಡುತ್ತಿದ್ದವಳು ಎಂದೆ, ರಜೆಯಲ್ಲಿದ್ದೇನೆ. ಬಾಗಿಲು, ಕಿಟಕಿ, ಮೆಟ್ಟಿಲು, ಇವುಗಳ ಅಳತೆಯೇ ನನ್ನ ಕಸುಬು. ಆದ್ದರಿಂದ ನನಗೊಂದು ಉಪಾಯ ಹೊಳೆಯಿತು. ಚಿತ್ರೀಕರಣಕ್ಕೆ ಬಳಸಿದ ಮಾದರಿ ನೌಕೆ, ಈಗ ಈ ಮೇಜಿನ ಮೇಲಿರುವುದೇ, ಆಗ ಒಂದು ಗೋದಾಮಿನಲ್ಲಿ ಉಳಿದಿತ್ತು. ನಟರು ಒಳಗೆ ಹೊರಗೆ ಓಡಾಡುತ್ತಿದ್ದ ದೊಡ್ಡ ಸರಕು ಬಾಗಿಲೂ ಅದೇ ಗೋದಾಮಿನ ಗೋಡೆಗೆ ಒರಗಿತ್ತು. ಮಾದರಿಯಲ್ಲಿ ಅದೇ ಬಾಗಿಲು ಬೆರಳಿನುಗುರಿನಷ್ಟಿದೆ. ದೊಡ್ಡ ಬಾಗಿಲು ಚಿಕ್ಕ ಬಾಗಿಲಿನ ಎಷ್ಟು ಪಟ್ಟು ಇದೆಯೋ, ನಿಜವಾದ ನೌಕೆಯೂ ಮಾದರಿಯ ಅಷ್ಟೇ ಪಟ್ಟು. ಇಷ್ಟೇ ಲೆಕ್ಕ.

ದೊಡ್ಡ ಬಾಗಿಲನ್ನು ಕಚೇರಿಯ ಉಕ್ಕಿನ ಟೇಪಿನಲ್ಲಿ ಅಳೆದೆ. ಸರಿಯಾಗಿ ಮೂರು ಮೀಟರ್. ಮಾದರಿಯ ಹತ್ತಿರ ಹೋದಾಗ ಗೋದಾಮಿನವರು ಕೈ ಅಡ್ಡ ಇಟ್ಟರು. "ಕಬ್ಬಿಣ ಗಿಬ್ಬಿಣ ತಾಗಿಸ್ಬೇಡಿ ಮೇಡಂ, ಬಣ್ಣ ಗೀರುತ್ತೆ." ಮರುದಿನ ಅಮ್ಮನ ಟೇಪು ತಂದೆ. ನಮ್ಮಮ್ಮ ಟೈಲರ್. ಮೂವತ್ತು ವರ್ಷದಿಂದ ಊರಿನ ಅರ್ಧ ಜನರ ಸೊಂಟದಳತೆ ಅವರ ತಲೆಯಲ್ಲಿದೆ, ಒಬ್ಬರದ್ದೂ ಹೊರಗೆ ಬಿಟ್ಟುಕೊಟ್ಟಿಲ್ಲ. ಮಾದರಿಯ ಉದ್ದ ನೂರ ನಲವತ್ತೆರಡು ಸೆಂಟಿಮೀಟರ್. ಅದರ ಬಾಗಿಲು ನಾಲ್ಕು ಸೆಂಟಿಮೀಟರ್, ಮೇಲೊಂದು ಗೆರೆ, ಅಂದರೆ ಒಂದು ಮಿಲಿಮೀಟರ್. ಗುಣಿಸಿ ಭಾಗಿಸಿದರೆ ನೂರ ನಾಲ್ಕು ಮೀಟರ್.

ಎರಡು ವರ್ಷದ ಹಿಂದೆ ಇದೇ ವೇದಿಕೆಯಲ್ಲಿ ನಿಂತು ಅದನ್ನು ಹೇಳಿದೆ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಒಬ್ಬರು ತಟ್ಟಲಿಲ್ಲ. ಅವರನ್ನು ನಾವೆಲ್ಲ ಇನ್ನೂರ ಹತ್ತು ಮಾಮ ಎಂದು ಕರೆಯುತ್ತಿದ್ದೆವು. ನೌಕೆ ಇನ್ನೂರ ಹತ್ತು ಮೀಟರ್ ಎಂಬುದು ಅವರ ವಾದ. ಅವರು ರೈಲು ಡಬ್ಬಿ ಕಟ್ಟುವ ಕಾರ್ಖಾನೆಯಲ್ಲಿ ಬಡಗಿಯಾಗಿದ್ದು ನಿವೃತ್ತರಾದವರು. ಜೀವಮಾನವೆಲ್ಲ ಮಲಗುವ ಹಲಗೆಗಳನ್ನು ಕೂರಿಸಿದವರು. ಟೇಪಿಲ್ಲ, ಮಾದರಿಯಿಲ್ಲ, ನಾನೂರು ಜನ ಕಾಲು ಚಾಚಿ ಮಲಗಲು ಎಷ್ಟು ಜಾಗ ಬೇಕು ಎನ್ನುವುದೊಂದೇ ಅವರ ಲೆಕ್ಕ. ಅವತ್ತು ಎದ್ದು ನಿಂತು ಕೇಳಿದರು. "ನೂರ ನಾಲ್ಕು ಮೀಟರಲ್ಲಿ ಅರ್ಧ ಎಂಜಿನ್ನಿಗೇ ಹೋಯ್ತು. ಉಳಿದಿದ್ರಲ್ಲಿ ನಾನೂರು ಜನ ಎಲ್ಲಿ ಮಲಗ್ತಾರೆ ತಾಯಿ?"

ನಾನು ಮೈಕಿನಲ್ಲೇ ಹೇಳಿದೆ. "ಮಾಮ, ಇದು ನಕ್ಷತ್ರನೌಕೆ, ನಿಮ್ಮ ರೈಲು ಡಬ್ಬಿ ಅಲ್ಲ. ಅಲ್ಲಿರೋರಿಗೆ ನಿದ್ದೆನೇ ಬೇಕಾಗಿಲ್ಲ."

ಎಷ್ಟು ನಕ್ಕಿರಿ ನೀವು! ನಾನೂ ನಕ್ಕೆ. ಮಾಮ ಕನ್ನಡಕ ತೆಗೆದು ಡಬ್ಬಿಗೆ ಹಾಕಿ, ಡಬ್ಬಿ ಜೇಬಿಗೆ ಹಾಕಿ, ಕುರ್ಚಿ ಸದ್ದಾಗದಂತೆ ಸರಿಸಿ ಹೊರಟುಹೋದರು. ಸಂಘದ ವಾಟ್ಸಾಪ್ ಗುಂಪಿನಿಂದಲೂ ಹೊರಬಿದ್ದರು. ಆಮೇಲೆ ಯಾವ ಸಭೆಗೂ ಬರಲಿಲ್ಲ. ನಿದ್ದೆ ಬೇಕಾಗಿಲ್ಲದ ಮನುಷ್ಯರು ಎಲ್ಲೂ ಇಲ್ಲ ಎಂದು ಈ ಐದು ತಿಂಗಳಿನಿಂದ ನನಗೆ ಚೆನ್ನಾಗಿ ಗೊತ್ತಾಗಿದೆ.

ಈಗ ಸ್ವಲ್ಪ ಮನೆಯ ವಿಷಯ. ಕ್ಷಮಿಸಿ, ಇದು ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ.

ನನ್ನ ಮಗಳಿಗೆ ಐದು ತಿಂಗಳು. ಅವಳು ಬೆಳೆಯುತ್ತಿದ್ದಾಳೋ ಇಲ್ಲವೋ ಎಂಬ ಭಯ ನನಗೆ ಮೊದಲ ದಿನದಿಂದ. ಎಲ್ಲ ತಾಯಂದಿರಿಗೂ ಇರುತ್ತದೆ ಎನ್ನುತ್ತಾರೆ. ಎಲ್ಲ ತಾಯಂದಿರೂ ಮಗು ಉಸಿರಾಡುತ್ತಿದೆಯೇ ಎಂದು ಮೂಗಿನ ಕೆಳಗೆ ಕನ್ನಡಿ ಹಿಡಿದು ನೋಡುತ್ತಾರೆಯೇ? ನನಗೆ ಗೊತ್ತಿಲ್ಲ, ಕೇಳಲು ನಾಚಿಕೆ. ಅಳತೆ ಮಾಡುವುದೊಂದು ನನಗೆ ಬರುತ್ತದಲ್ಲ, ಹಾಗಾಗಿ ಭಾನುವಾರ ಭಾನುವಾರ ಅವಳನ್ನು ಹಾಸಿಗೆಯ ಮೇಲೆ ಮಲಗಿಸಿ, ಅಮ್ಮನ ಟೇಪು ಹಿಡಿದು ಅಳೆದು ಬರೆದಿಡತೊಡಗಿದೆ. ಸಂಖ್ಯೆ ಏರಿದ ದಿನ ಊಟ ಸೇರುತ್ತಿತ್ತು. ಮೂರು ವಾರದ ಹಿಂದಿನ ಭಾನುವಾರ ಅರವತ್ತಾರು ಬಂತು. ಸೋಮವಾರ ಆಸ್ಪತ್ರೆಗೆ ಹೋದೆವು. ನರ್ಸಮ್ಮ ಮಗುವನ್ನು ಅಳತೆಯ ಹಲಗೆಯ ಮೇಲೆ ಮಲಗಿಸಿ, "ಅರವತ್ನಾಲ್ಕು" ಅಂದರು.

"ಅರವತ್ತಾರು, ಸಿಸ್ಟರ್," ಅಂದೆ. "ನಿನ್ನೆ ಅರವತ್ತಾರಿತ್ತು."

"ನಿನ್ನೆ ಅರವತ್ತಾರು, ಇವತ್ತು ಅರವತ್ನಾಲ್ಕಾ? ಮಗು ಏನು ಒಗೆದ ಬಟ್ಟೆನಾ, ಕುಗ್ಗೋದಕ್ಕೆ?"

ನಾನು ಅಲ್ಲೇ ಅಳಲು ಶುರುಮಾಡಿದೆ. ಇಬ್ಬರೂ ಅತ್ತೆವು, ಮಗುವೂ ನಾನೂ. ನರ್ಸಮ್ಮ ಒಂದು ಕ್ಷಣ ನನ್ನ ಮುಖ ನೋಡಿ, "ಯಾವುದ್ರಲ್ಲಿ ಅಳೆದೆಯಮ್ಮ, ತೋರ್ಸು" ಅಂದರು. ಟೇಪು ನನ್ನ ಚೀಲದಲ್ಲೇ ಇತ್ತು. ಇರದೆ ಇರುತ್ತದೆಯೇ? ಅವರು ಅದನ್ನು ಹಲಗೆಯ ಪಕ್ಕಕ್ಕೆ ಚಾಚಿ ಹಿಡಿದರು. ಹಲಗೆಯಲ್ಲಿ ಹತ್ತು ಇರುವ ಕಡೆ ಟೇಪಿನಲ್ಲಿ ಹನ್ನೆರಡು. ತುದಿಯ ತಗಡು ಯಾವಾಗಲೋ ಕಿತ್ತುಹೋದಾಗ ಅಮ್ಮ ಸವೆದಷ್ಟನ್ನು ಕತ್ತರಿಸಿ, ಎಳೆ ಬಿಡದಂತೆ ಅದೇ ಬಣ್ಣದ ಬಟ್ಟೆಯ ಪಟ್ಟಿ ಹೊಲಿದಿದ್ದರು. ಕೈಕೆಲಸ ಅಷ್ಟು ಅಚ್ಚುಕಟ್ಟು, ಕತ್ತರಿಸಿದ್ದು ಎಂದು ಗೊತ್ತೇ ಆಗುವುದಿಲ್ಲ.

"ಎರಡು ಸೆಂಟಿಮೀಟರ್ ಇಲ್ಲ ನೋಡು," ಅಂದರು ನರ್ಸಮ್ಮ. "ಮಗು ಸರಿಯಾಗೇ ಇದೆ. ಟೇಪು ಬದಲಾಯ್ಸು, ಮನೆಗೆ ಹೋಗಿ ಮಲಕ್ಕೋ."

ಸಂಜೆ ಅಮ್ಮನಿಗೆ ಫೋನ್ ಮಾಡಿ ಕೂಗಾಡಿದೆ. ಅವರು ಶಾಂತವಾಗಿ, "ಎರಡು ಬಿಟ್ಟು ಓದ್ಬೇಕು ಕಣೆ ಅದನ್ನ. ನಂಗ್ ಗೊತ್ತಿತ್ತು. ನೀನು ಕೇಳ್ದೆ ತಗೊಂಡ್ಹೋದ್ರೆ ನಾನೇನ್ ಮಾಡ್ಲಿ?" ಅಂದರು. ಕೇಳದೆ ತೆಗೆದುಕೊಂಡು ಹೋಗಿದ್ದೆ, ನಿಜ. ಟೇಪಿಗೆ ಏನು ಕೇಳುವುದು?

ಆದರೆ ಅದಕ್ಕೂ ಮೊದಲು, ಆ ದಿನ ಮಧ್ಯಾಹ್ನ, ಆಸ್ಪತ್ರೆಯಿಂದ ಬರುವ ಬಸ್ಸಿನಲ್ಲಿ, ಮಗು ತೊಡೆಯ ಮೇಲೆ ಮಲಗಿತ್ತು. ಎಷ್ಟೋ ದಿನದ ಮೇಲೆ ನನಗೂ ಕಣ್ಣು ಹತ್ತಿತ್ತು. ಎರಡು ನಿಲ್ದಾಣ ದಾಟಿರಬಹುದು, ಬೆಚ್ಚಿ ಎದ್ದು ಕುಳಿತೆ. ಅಯ್ಯೋ, ನೌಕೆ!

ನೂರ ನಲವತ್ತರಲ್ಲಿ ಎರಡು ಹೆಚ್ಚಾದರೆ ದೊಡ್ಡದಲ್ಲ. ಆದರೆ ಎರಡರಲ್ಲಿ ಎರಡು ಹೆಚ್ಚಾದರೆ? ಆ ಉಗುರಿನಷ್ಟು ಬಾಗಿಲು ನನ್ನ ಟೇಪಿನಲ್ಲಿ ಎರಡರಷ್ಟಾಗಿತ್ತು. ಬಾಗಿಲು ದೊಡ್ಡದಾದಷ್ಟೂ ನೌಕೆ ಚಿಕ್ಕದಾಗುತ್ತದೆ. ಟಿಕೆಟಿನ ಹಿಂದೆ ಲೆಕ್ಕ ಹಾಕಿದೆ. ಇನ್ನೂರು ಮೀಟರ್. ಸಭಿಕರೇ, ದೂರಗಾಮಿ ಇನ್ನೂರು ಮೀಟರ್ ಉದ್ದ ಇದೆ. ನಾನು ಅದನ್ನು ಅರ್ಧಕ್ಕೆ ಇಳಿಸಿ, ನಾನೂರು ಜನರ ಹಾಸಿಗೆ ಕಿತ್ತುಕೊಂಡು, ಅವರ ಪರವಾಗಿ ಕೇಳಿದವರನ್ನು ಇಲ್ಲಿಂದ ಓಡಿಸಿದೆ.

ಕಾರ್ಯದರ್ಶಿಗಳಿಗೆ ಹೇಳಿದೆ. ಅವರು ತಪ್ಪು ತಿಳಿಯಬಾರದು, ಅವರ ಮಾತನ್ನು ಇಲ್ಲಿ ಹೇಳಿಬಿಡುತ್ತೇನೆ. "ಫಲಕ ಕೆತ್ತಿಸಿ ಆಗಿದೆ. ಆ ಟೇಪಿನ ವಿಷಯ ನಿಮಗೆ, ನಿಮ್ಮಮ್ಮನಿಗೆ, ಒಬ್ಬ ನರ್ಸಿಗೆ ಬಿಟ್ಟು ಯಾರಿಗೆ ಗೊತ್ತು? ಸುಮ್ನಿರಿ." ನಾನು ಸುಮ್ಮನಿರಬಹುದಿತ್ತು. ನಿಜ ಹೇಳಲೇ? ಸುಮ್ಮನಿರಬೇಕು ಎಂದೇ ಒಂದು ವಾರ ಅಂದುಕೊಂಡಿದ್ದೆ. ಈ ಐದು ತಿಂಗಳಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆದಿಲ್ಲ. ಆಸ್ಪತ್ರೆಯಲ್ಲಿ 'ಪಾಪುವಿನ ಅಮ್ಮ', ಮನೆಯಲ್ಲಿ 'ಇವಳೇ', ಕಚೇರಿಯಿಂದ ಫೋನೇ ಇಲ್ಲ. ನಾನು ಸರಿಯಾಗಿ ಮಾಡಿದ್ದು ಎಂದು ತೋರಿಸಲು ಉಳಿದಿದ್ದು ಆ ಹಿತ್ತಾಳೆಯ ತುಂಡೊಂದೇ. ಅದಕ್ಕಾಗಿ...

ಒಂದು ನಿಮಿಷ. ರೀ, ಬಾಟಲಿ ನೀಲಿ ಚೀಲದಲ್ಲಿದೆ. ಪಕ್ಕದ ಜೇಬು. ಹ್ಞೂಂ, ಅದೇ.

ಏನು ಹೇಳುತ್ತಿದ್ದೆ? ಹೌದು. ಫಲಕ ಬೇಕಿತ್ತು. ಆದರೆ ಪ್ರತಿ ಸಲ ಆ ಟೇಪಿನ ಮೇಲೆ ಕಣ್ಣು ಬಿದ್ದಾಗ, ಮಾಮ ಕುರ್ಚಿ ಸದ್ದಾಗದಂತೆ ಸರಿಸಿದ್ದು ನೆನಪಾಗುತ್ತಿತ್ತು. ಕೋಪ ಬಂದವರು ಕುರ್ಚಿ ಧಡ್ ಅಂತ ತಳ್ಳುತ್ತಾರೆ. ಅವರು ಎತ್ತಿ ಸರಿಸಿದರು.

ಮೊನ್ನೆ ಮಾಮನಿಗೆ ಫೋನ್ ಮಾಡಿದೆ. ವಿಷಯವೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಮಗು ಹುಷಾರಾಗಿದೆ ತಾನೆ?" ಅಂದರು. "ಬರ್ತೀನಿ ಬಿಡು. ಆದ್ರೆ ಮುಂದೆ ಕೂರಲ್ಲ."

ಕೊನೆಯ ಸಾಲಿನಲ್ಲಿದ್ದಾರೆ. ಮಾಮ, ಅವತ್ತು ನಗಾಡಿದ್ದು ತಪ್ಪಾಯಿತು. ಮೈಕಿನಲ್ಲಿ ಆಡಿದ ಮಾತು, ಮೈಕಿನಲ್ಲೇ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ನನ್ನ ಅಳತೆಯನ್ನು ನಾನೇ ನಂಬುವುದಿಲ್ಲ ಈಗ. ನೀವು ಬಂದು ಆ ಚಿಕ್ಕ ಬಾಗಿಲನ್ನು ಎಲ್ಲರ ಮುಂದೆ ಅಳೆಯಬೇಕು. ಹೊಸ ಟೇಪು ತಂದಿದ್ದೇನೆ, ಸೊನ್ನೆಯಿಂದ ಶುರುವಾಗುತ್ತದೆ, ನರ್ಸಮ್ಮನ ಹತ್ತಿರ ಪರೀಕ್ಷೆ ಮಾಡಿಸಿದ್ದೇನೆ.

ದಾರಿ ಬಿಡಿ ಸ್ವಲ್ಪ. ಮೆಟ್ಟಿಲು ಮೂರಿದೆ ಮಾಮ, ನಿಧಾನ. ಈಗ ಬಟ್ಟೆ ತೆಗೆಯಿರಿ ಅಧ್ಯಕ್ಷರೇ, ಮಾದರಿಯದ್ದು ಮಾತ್ರ. ಫಲಕ ಹಾಗೇ ಇರಲಿ.

ನೋಡಿ, ನನ್ನ ಟೇಪು ಬೇಡವಂತೆ! ಜೇಬಿನಿಂದ ಮರದ ಅಳತೆಪಟ್ಟಿ ತೆಗೆದರು. ಕಾರ್ಖಾನೆಯದ್ದಂತೆ. ಮನೆಯಿಂದಲೇ ತಂದಿದ್ದಾರೆ. ಕನ್ನಡಕ ಹಾಕಿಕೊಂಡರು.

ಎಷ್ಟು ಮಾಮ? ಎರಡೇ? ಮೇಲೊಂದು ಗೆರೆ ಇರಬೇಕಲ್ಲ. ಏನಂದಿರಿ? ಬಾಗಿಲ ಸುತ್ತ ಇರುವುದು ಬಿಳಿ ಬಣ್ಣದ ಪಟ್ಟಿ, ಅದನ್ನು ಬಾಗಿಲಿಗೆ ಸೇರಿಸಬಾರದಂತೆ. ಪಟ್ಟಿ ಬಿಟ್ಟರೆ ಎರಡು. ಎರಡಾದರೆ ಸರಿಯಾಗಿ ಇನ್ನೂರ ಹತ್ತು.

ಆಗುವುದಿಲ್ಲ. ನಾನು ಒಪ್ಪುವುದಿಲ್ಲ. ಆ ಪಟ್ಟಿ ಬಾಗಿಲಿನ ಚೌಕಟ್ಟು, ದೊಡ್ಡ ಬಾಗಿಲನ್ನೂ ಚೌಕಟ್ಟು ಸೇರಿಸಿಯೇ ಅಳೆದಿದ್ದೇನೆ. ಮಾಮ, ತಲೆ ಅಲ್ಲಾಡಿಸಿದರೆ ಸಾಲದು, ಲೆಕ್ಕ ಹೇಳಿ. ಮುಂದಿನ ತಿಂಗಳ ಸಭೆಗೆ ಬಂದು ಹೇಳಿ. ಅದರ ಮುಂದಿನದಕ್ಕೂ ಬನ್ನಿ. ಅಲ್ಲಿಯವರೆಗೆ ಆ ಫಲಕದಲ್ಲಿ ಯಾವ ಸಂಖ್ಯೆಯೂ ಬೇಡ, ಯಾವ ಹೆಸರೂ ಬೇಡ. ಉಜ್ಜಿಸಿ ಖಾಲಿ ಇಡಿ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ, ಮಗುವನ್ನು ಮಲಗಿಸಿಯೇಬಿಟ್ಟ ನಮ್ಮ ಯಜಮಾನರಿಗೆ, ಎರಡು ಬಿಟ್ಟು ಓದುವ ನಮ್ಮಮ್ಮನಿಗೆ, ಮತ್ತು ಇಲ್ಲಿ ನನ್ನ ಪಕ್ಕದ ಕುರ್ಚಿ ಎಳೆದುಕೊಂಡು, ಈ ಸಲ ಚೆನ್ನಾಗಿಯೇ ಸದ್ದು ಮಾಡಿಕೊಂಡು ಕುಳಿತ ಇನ್ನೂರ ಹತ್ತು ಮಾಮನಿಗೆ ನನ್ನ ಕೃತಜ್ಞತೆ.

ಎಲ್ಲರಿಗೂ ನಮಸ್ಕಾರ. ಚಪ್ಪಾಳೆ ಮೆಲ್ಲಗೆ ತಟ್ಟಿ, ಮಗು ಏಳುತ್ತದೆ.