ಮೇಲೆಳೆದುಕೊಂಡ ಹಗ್ಗ

ಬಾವಿಗಿಳಿದ ಮನುಷ್ಯನ ಹಗ್ಗ ಮೇಲೆಳೆದುಕೊಂಡವನು ನನ್ನ ಚಿಕ್ಕಪ್ಪನ ಮಗ ಅಮೋಘಸಿದ್ದ. ಕಲ್ಲು ಹಾಕಿದವರು ನೀವು, ಇಲ್ಲಿ ಕೂತಿರುವ ಊರವರು. ನಾನು ನೋಡುತ್ತ ನಿಂತಿದ್ದೆ.

ನಿಜಾಮನ ಕಡೆಯ ರಜಾಕಾರರು ನಮ್ಮ ಬಣವೆ ಸುಟ್ಟದ್ದು ನಿಜ. ಸುಟ್ಟವರು ಓಡಿಹೋದರು. ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಬಿದ್ದ ವಾರ ನಿಮ್ಮ ಕೈಗೆ ಸಿಕ್ಕವನು ಚಮನಸಾಬ. ಮನೆಮನೆಗೆ ಬಂದು ಗಾದಿಗೆ ಹತ್ತಿ ಹಿಂಜುತ್ತಿದ್ದ ಮುದುಕ. ಅವನನ್ನು ಬಚ್ಚಿಡಲು ತನ್ನ ಹೊಲದ ಬಾವಿಗೆ ಇಳಿಸಿ, "ನಾ ಅದೇನಿ ಕಾಕಾ, ಹೆದರಬ್ಯಾಡ" ಎಂದವನೂ ಅಮೋಘಸಿದ್ದನೇ. ನೀವು ಬಂದು ಕೇಳಿದಿರಿ. ಅವನು ಹಗ್ಗ ಎಳೆದುಕೊಂಡ.

ಈಗ ನಿನ್ನೆ ರಾತ್ರಿಯದು ಕೇಳಿ. ಅವನೇ ಹೇಳಿದ್ದು.

ಅಫಜಲಪುರದಿಂದ ಒಬ್ಬನೇ ನಡೆದು ಬರುತ್ತಿದ್ದ. ಕಗ್ಗತ್ತಲು. ಬಾವಿ ಹತ್ತಿರ ಬಂತು... ಸದ್ದು. ಟುಂಯ್... ಟುಂಯ್... ಟಕ್. ಹತ್ತಿ ಹಿಂಜುವ ಬಿಲ್ಲಿನ ಸದ್ದು. ನೀರಿನ ಕೆಳಗಿಂದ.

ಅವನಿಗೆ ಹೆದರಿಕೆಯಾಗಲಿಲ್ಲ. ಮೂರು ತಿಂಗಳಿಂದ ಅವನಿಗೆ ಏನೂ ಅನಿಸುತ್ತಿರಲಿಲ್ಲ. ಉಂಡರೆ ರುಚಿ ಇಲ್ಲ. ಕೆಂಡ ತಾಕಿದರೆ ಉರಿ ಇಲ್ಲ.

"ಅಮೋಘ್ಯಾ..."

"ಕಾಕಾ."

"ನಿದ್ದಿ ಹತ್ತವಲ್ದೇನಲೇ? ನಿನ್ನ ಮದುವಿ ಗಾದಿ ಗಂಟು ಕಟ್ಟಿರಬೇಕು. ಬಿಚ್ಚಿ ತಾ, ಹಿಂಜಿ ಕೊಡ್ತೇನಿ."

ಅಮೋಘಸಿದ್ದ ಬಾವಿಕಟ್ಟೆಯ ಮೇಲೆ ಕೂತ. "ನನಗ ಮಾಫಿ ಐತೇನು ಕಾಕಾ?"

ಬಿಲ್ಲು ನಿಂತಿತು...

"ಅಲ್ಲಾಗ ಕೇಳೇನಿ. ಕೊಡ್ತೇನಿ ಅಂದಾನ. ನನಗ ಸಿಟ್ಟು ಬಂತು ನೋಡು. 'ಇವಗೂ ಕೊಡ್ತೀ?' ಅಂದೆ. 'ಇವಗೂ' ಅಂದ."

"ಮತ್ತ ನನಗ್ಯಾಕ ಏನೂ ಅನಸವಲ್ದು?"

"ಅವ ಕೊಟ್ಟಾನ, ನೀ ಎಲ್ಲಿ ತಗೊಂಡಿ? ನನ್ನ ಎಲುಬು ಇನ್ನೂ ನಿನ್ನ ಬಾವ್ಯಾಗ ಅದಾವ. ಹಗ್ಗಾ ಬಿಡು. ಮಣ್ಣು ಕೊಡು."

ಹಗ್ಗ ಕೆಳಗೆ ಬಿಟ್ಟ. ಬಾವಿಯ ಗಡಗಡಿ ತಿರುಗಿ ಕಿರ್ರ್... ಎಂದಿತು. ಹಗ್ಗ ಬಿಗಿಯಾಯಿತು. ಎಳೆದ. ಇಡೀ ಮನುಷ್ಯನ ಭಾರ. ಅರ್ಧಕ್ಕೆ ಬಂದು ನಿಂತಿತು. ಮತ್ತೆ ಎಳೆದ. ಆಗಲಿಲ್ಲ.

"ಒಬ್ಬನ ಕೈಲೆ ಆಗೂದಲ್ಲೋ," ಎಂದಿತು ದನಿ, ಈಗ ಹತ್ತಿರದಿಂದ. "ಕಲ್ಲು ಹಾಕುವಾಗ ಎಷ್ಟು ಮಂದಿ ಇದ್ರಿ? ಅಷ್ಟೂ ಮಂದಿ ಬರ್ರಿ."

ಹಗ್ಗ ಸಡಿಲಾಯಿತು. ಗುಳುಂ...

ನಸುಕಿನಲ್ಲಿ ನನ್ನ ಬಾಗಿಲು ಬಡಿದ. ಎರಡೂ ಅಂಗೈ ಸುಲಿದಿದ್ದವು. "ಅಣ್ಣಾ, ಉರಿಯಾಕತ್ತೈತಿ," ಎಂದ. "ಉರಿಯಾಕತ್ತೈತಿ" ಎಂದು ಕೂಸಿನ ಹಾಗೆ ಅತ್ತ. ಮೂರು ತಿಂಗಳಲ್ಲಿ ಅವನು ಅತ್ತದ್ದು ಅದೇ ಮೊದಲು.

ನಾನು ಹೋಗಿ ನೋಡಿದೆ. ಹಗ್ಗ ತುದಿಯವರೆಗೂ ನೆನೆದಿತ್ತು. ತುದಿಯ ಗಂಟಿನಲ್ಲಿ ಒಂದು ಹಿಡಿ ಹತ್ತಿ. ಹಿಂಜಿದ ಹತ್ತಿ. ಒಣಗಿತ್ತು. ಇಗೋ, ನನ್ನ ಜೇಬಿನಲ್ಲಿದೆ. ಮುಟ್ಟಿ ನೋಡಿ. ನಾನು ಸುಳ್ಳು ಹೇಳುವವನಲ್ಲ.

ಇವತ್ತು ಎಳ್ಳಮಾವಾಸ್ಯೆ. ಎಲ್ಲರೂ ಹೊಲಕ್ಕೆ ಹೋಗಿ ಭಜ್ಜಿ, ಕಡಬು ಉಂಡಿರಿ. ಆ ಬಾವಿಯ ಪಕ್ಕದಲ್ಲೇ ಹಾದು ಬಂದಿರಿ. ಒಬ್ಬರೂ ಒಳಗೆ ಬಗ್ಗಿ ನೋಡಲಿಲ್ಲ.

ಅಮೋಘಸಿದ್ದ ಸುಲಿದ ಕೈಯಲ್ಲೇ ಚಮನಸಾಬನಿಗೆ ಕುಣಿ ತೋಡುತ್ತಿದ್ದಾನೆ. ಬೆಳಗಾಗುವ ಮೊದಲು ಬಾವಿಗೆ ಬನ್ನಿ. ಕಲ್ಲು ಹಾಕಿದವರೆಲ್ಲ ಬನ್ನಿ. ನಾನು ಒಳಗೆ ಇಳಿಯುತ್ತೇನೆ.

ಹಗ್ಗ ನೀವು ಹಿಡಿಯಿರಿ.