ಅಮ್ಮನ ಪೆಟ್ಟಿಗೆಯ ಏಳು ಲಿವರಿನ ಬೀಗ

...ಅದನ್ನ ನನ್ನ ಮೇಜಿನ ಮೇಲೆ ಇಡಬೇಡ ಜೆಸಿಂತಾ. ಕೆಳಗಿಡು. ಇನ್ನೂ ಆಚೆ. ಒಣಮೀನಿನ ನಾತ ಮೂಗಿಗೆ ಹೊಡೀತಿದೆ. ಸೈಕಲ್ ಕಡ್ಡಿ! ದಿಂಡಿಗಲ್‌ನಲ್ಲಿ, ಬೀಗ ಮಾಡೋರ ಮನೇಲಿ ಹುಟ್ಟಿ, ಹೆತ್ತ ತಾಯಿ ಪೆಟ್ಟಿಗೆಗೆ ಸೈಕಲ್ ಕಡ್ಡಿ ತುರುಕಿದಾನೆ ನಮ್ಮ ತಮ್ಮ. ಥೂ. ಮೀನು ಮಾರಿ ಬಂದು ಕೈ ಕೂಡ ತೊಳೆದಿರಲ್ಲ.

ಏನಂತೆ? ತಿವಿದದ್ದು ನಿಜ, ಬೀಗ ಬಿಡಲಿಲ್ಲ ಅಂತಾನಾ? ಅಂತಾನೆ, ಅನ್ನದೆ ಏನು. ಅರುಳಪ್ಪನ್ ಯಾವತ್ತು ನಿಜ ಹೇಳಿದ್ದ? ಕೀಲಿ ನಿನ್ನ ಸೊಂಟದಲ್ಲಿ. ಪೆಟ್ಟಿಗೆ ಅವನ ಮನೇಲಿ. ಇವತ್ತು ಬೆಳಿಗ್ಗೆ ಅಮ್ಮನ ಮೂವತ್ತನೇ ದಿನದ ಪೂಜೆ ಮುಗಿಸಿ, ಪಾದ್ರಿಗಳ ಮುಂದೆ ನೀನು ತೆರೆದರೆ ಒಳಗೆ ಎರಡು ಸೀರೆ, ಜಪಮಾಲೆ, ಸತ್ತ ಜಿರಲೆ. ಅಂಗಡಿ ಯಾರಿಗೆ ಅಂತ ಅಮ್ಮ ಬರೆದಿಟ್ಟ ಕಾಗದ ಮಾತ್ರ ಇಲ್ಲ. ಕಾಗದ ಇಲ್ಲದಿದ್ರೆ ಈ ಅಂಗಡಿ ಮೂರು ಪಾಲು. ಯಾರಿಗೆ ಲಾಭ ಅಂತ ನೀನೇ ಯೋಚನೆ ಮಾಡು... ನನ್ನನ್ನೇನು ನೋಡ್ತೀಯ? ಅವನ ವಿಷಯ ಹೇಳಿದ್ದು.

ಹೋಗು, ಠಾಣೇಲಿ ಬರೆದುಕೊಡು. ಒಂದು ದಿನ ಕೂರಿಸಿದ್ರೆ ಬಾಯಿ ಬಿಡ್ತಾನೆ. ಬೀಗ ಬಲ್ಲೋಳು ಅಂತ ನಾನೇ ಬಂದು ಹೇಳ್ತೀನಿ. ಸವರಿಯಮ್ಮನ ಮಾತು ಅಂದ್ರೆ ಅಲ್ಲೂ ಕೇಳ್ತಾರೆ, ಅವರ ಬೀರು ತೆರೆದುಕೊಟ್ಟೋಳು ನಾನೇ.

ಹೇಗೆ ತೆರೆದ ಅಂದ್ರೆ? ಅದೂ ಈಗ ಬೇಕಾ ನಿಂಗೆ?

ಸರಿ, ನೋಡು. ಅಪ್ಪ ಕಡ್ಡಿಗಳನ್ನ ಇಡ್ತಿದ್ದ ಚರ್ಮದ ಸುರುಳಿ. ಈ ಅಲೆ ಅಲೆ ಕಡ್ಡಿ ಪೇಟೆಯ ಅಗ್ಗದ ಬೀಗಕ್ಕೆ. ಹಲ್ಲುಜ್ಜಿದ ಹಾಗೆ ಆಡಿಸಿದ್ರೆ ಬಾಯಿ ಬಿಡುತ್ತೆ, ಮಾನಗೆಟ್ಟ ಬೀಗ. ಈ ಗಿಡ್ಡ ಕೊಕ್ಕೆ ಪಿನ್ ಇರೋದಕ್ಕೆ. ಒಂದೊಂದೇ ಎತ್ತಬೇಕು, ಆತುರಪಟ್ರೆ ಎಲ್ಲಾ ಕೆಳಗೆ. ಹಲ್ಲಿಲ್ಲದ ಈ ಬೋಳು ಕೀಲಿ ಹಳೇ ಟ್ರಂಕುಗಳಿಗೆ. ಯಾವುದು ತೆರೆದರೂ ಕೊನೇ ಸುತ್ತು ಒಡೆಯನ ಕೈಗೇ ಬಿಡಬೇಕು, ಗೊತ್ತಲ್ಲ? ಅಪ್ಪ ಬಿಡ್ತಿದ್ದ, ನಾನೂ ಬಿಡ್ತೀನಿ. ಲಿವರ್ ಬೀಗಕ್ಕೆ ಒಂದು ಕಡ್ಡಿ ಸಾಲದು. ಇದು ಒತ್ತಿ ಹಿಡಿಯೋಕೆ, ಈ ಉದ್ದ ಕೊಕ್ಕೆ ಒಳಗಿನ ತಗಡು ಎತ್ತೋಕೆ. ಅಮ್ಮನ ಬೀಗದಲ್ಲಿ ಏಳು ತಗಡು. ಅಪ್ಪನ ಕೈಕೆಲಸ. ನಾಲ್ಕನೇದು ಎದ್ದ ಹಾಗೆ ಆಡುತ್ತೆ, ಎದ್ದಿರಲ್ಲ. ಅದನ್ನ ಕೂದಲಷ್ಟು ಇಳಿಸಿ, ಐದನೇದು ಎತ್ತಿ, ಆಮೇಲೆ ಮತ್ತೆ ಅದಕ್ಕೇ ಬಂದು... ಸೈಕಲ್ ಕಡ್ಡೀಲಿ ಅದನ್ನ...

ಆಗುತ್ತೆ. ಅದೃಷ್ಟ ಇದ್ರೆ ಆಗುತ್ತೆ. ಯಾಕೆ ಹಾಗೆ ತುಟಿ ಕಚ್ಚಿಕೊಂಡೆ?

ತೆರೆದ ಬೀಗ ಮತ್ತೆ ಮುಚ್ಚಿದ್ದು ಹೇಗೆ ಅಂತಾನಾ? ಮುಚ್ಚಿದ್ದು... ಮುಚ್ಚಿದಾನೆ ಹೇಗೋ. ನಂಗೇನು ಗೊತ್ತು, ನಾನೇನು ಅಲ್ಲಿದ್ನಾ?

ಬೆರಳಿಗೆ ಏನದು? ಕಪ್ಪು... ಬೀಗದ ಬಾಯಿಂದಾನಾ? ತುಕ್ಕಿರಬೇಕು. ಒರೆಸ್ಕೋ, ಗಲೀಜು. ಅಲ್ಲಿ ಉಜ್ಜಬೇಡ... ಹ್ಞೂಂ. ಹೊಳೀತಿದೆ. ತುಕ್ಕು ಹೊಳೆಯಲ್ಲ.

ಪೆನ್ಸಿಲ್ ಸೀಸದ ಪುಡಿ. ಇನ್ನೊಬ್ಬರ ಬೀಗಕ್ಕೆ ಕಡ್ಡಿ ಹಾಕಿದ ಮೇಲೆ ಒಂದು ಚಿಟಿಕೆ ಊದಿ ಬರಬೇಕು, ಬೀಗ ಒಣಗಬಾರದು ಅಂತ ಅಪ್ಪ... ಅರುಳಪ್ಪನ್‌ಗೂ ಗೊತ್ತಿರಬಹುದು. ಗೊತ್ತಿರಲ್ವಾ? ಈ ಮಣೆ ಮೇಲೆ ಒಂದು ದಿನ ಕೂತೋನಲ್ಲ ಅವನು.

ಏನಾದ್ರೂ ಅನ್ನು ಜೆಸಿಂತಾ. ಅಕ್ಕಾ ಅನ್ನಬೇಡ ಬೇಕಾದ್ರೆ. ಬೈಯಿ.

...ಕಾಗದ ಒಂದು ಸಲ ನೋಡಿ ಇಡೋಣ ಅಂತ ಹೋದೆ. ಅವನು ಸಂತೆಗೆ ಹೋಗಿದ್ದ. ಓದಿದೆ. ಅಂಗಡಿ ನಿಂಗೆ. ನಿಂಗೊಬ್ಬಳಿಗೇ. ಮೂವತ್ತೆಂಟು ವರ್ಷ ಈ ಕಬ್ಬಿಣದ ಪುಡಿ ತಿಂದೋಳು ನಾನು, ಕಾಗದದಲ್ಲಿ ನನ್ನ ಹೆಸರೂ ಇಲ್ಲ. ಮಡಚಿ ತಂದ್ಬಿಟ್ಟೆ. ಬರೋವಾಗ ಕೈ ತಾನಾಗೇ ಪುಡಿ ಊದಿದೆ ನೋಡು. ಕಳ್ಳತನ ಮಾಡೋವಾಗಲೂ ಶಿಸ್ತು. ಈ ಕೈ ನೋಡಿದ್ರೆ ವಾಂತಿ ಬರುತ್ತೆ ನಂಗೆ.

ಆ ಸೈಕಲ್ ಕಡ್ಡಿ ಮೇಜಿನ ಮೇಲೇ ಇಡು. ನಾತ ನಾನಂದಷ್ಟೇನೂ ಇಲ್ಲ.

ಸುರುಳಿಯ ಕೊನೇ ಜೇಬನ್ನೇ ನೋಡ್ತಿದೀಯ. ಆಗಿನಿಂದ ನೋಡ್ತಿದೀಯ, ನಾನು ಬಲ್ಲೆ. ಕಾಗದ ಅಲ್ಲೇ ಇದೆ. ತಗೋ. ದಾರದ ಗಂಟು ಸಡಿಲ ಮಾಡಿದೀನಿ. ಅಷ್ಟೇ ನಾನು ಮಾಡೋದು. ಬಿಚ್ಚೋದು ನಿನ್ನ ಕೈಲಿ.